ಆರರಿಂದ ಇಪ್ಪತ್ತೇಳು: ಯೂರೋಪಿನ ಒಕ್ಕೂಟ ಹಿಗ್ಗಿದ ಕಥೆ

ಒಂದು ಸಂಘವನ್ನು ಕಟ್ಟುವುದು ಕಷ್ಟ. ಕಟ್ಟಿದ ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ಕಟ್ಟುವಾಗ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಕರಾರು ಬರೆಯುತ್ತಾರೆ. ಸೇರಿಸಿಕೊಳ್ಳುವಾಗಲಾದರೋ ಕೆಲವರು ಒಳಗಿರುತ್ತಾರೆ, ಕೆಲವರು ಬಾಗಿಲಲ್ಲಿ ನಿಂತಿರುತ್ತಾರೆ. ಒಳಗಿರುವವರಿಗೆ ತಮ್ಮ ಪಾಲು ಕಡಿಮೆಯಾದೀತೆಂಬ ಅಳುಕು. ಹೊರಗಿರುವವರಿಗೆ ತಮ್ಮನ್ನು ಕಡೆಗಣಿಸುತ್ತಿದ್ದಾರೆಂಬ ಕೊರಗು. ಕುಟುಂಬಗಳಲ್ಲಿ ಕಾಣುವ ಈ ಮಾತು ರಾಷ್ಟ್ರಗಳಲ್ಲಿಯೂ ನಿಜವೆಂಬುದಕ್ಕೆ ಯೂರೋಪಿನ ಒಕ್ಕೂಟದ ಚರಿತ್ರೆಯೇ ಸಾಕ್ಷಿ. 1951ರಲ್ಲಿ ಆರು ರಾಷ್ಟ್ರಗಳಿಂದ ಆರಂಭವಾದ ಈ ಕೂಟ 2013ರಲ್ಲಿ 28ರವರೆಗೆ ಬೆಳೆಯಿತು. 2020ರಲ್ಲಿ ಬ್ರಿಟನ್ ಬಿಟ್ಟುಹೋದ ಮೇಲೆ 27 ಉಳಿದವು. ಈ ಬೆಳವಣಿಗೆ ಸುಸೂತ್ರವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಒಂದೊಂದು ಸಲ ಬಾಗಿಲು ತೆರೆದಾಗಲೂ ಒಳಗೆ ದೊಡ್ಡ ಜಗಳವೇ ನಡೆದಿದೆ.

ಮೊದಲು ಮೂಲದ ಕರಾರು ಏನೆಂಬುದನ್ನು ನೋಡೋಣ. 1870ರಿಂದ 1940ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಫ್ರಾನ್ಸೂ ಜರ್ಮನಿಯೂ ಮೂರು ಸಲ ಯುದ್ಧ ಮಾಡಿದ್ದವು. ಫಿರಂಗಿಗೆ ಬೇಕಾದದ್ದು ಕಲ್ಲಿದ್ದಲು ಮತ್ತು ಉಕ್ಕು. ಇವೆರಡನ್ನೂ ಎರಡು ದೇಶಗಳ ಕೈಯಿಂದ ತೆಗೆದು ಒಂದು ಸಮಾನ ಆಡಳಿತಕ್ಕೆ ಒಪ್ಪಿಸಿದರೆ ಮತ್ತೊಂದು ಯುದ್ಧ ಅಸಾಧ್ಯವಾದೀತೆಂಬುದು ಝಾನ್ ಮೊನೆ ಎಂಬ ಫ್ರೆಂಚ್ ಅಧಿಕಾರಿಯ ಯೋಚನೆ. ಅದನ್ನು 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಷೂಮನ್ ಲೋಕಕ್ಕೆ ಸಾರಿದರು. ಈ ಷೂಮನ್ ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ. ಮೊದಲನೆಯ ಮಹಾಯುದ್ಧ ಮುಗಿಯುವವರೆಗೆ ಅವರು ಜರ್ಮನ್ ಪ್ರಜೆಯಾಗಿದ್ದವರು. ಅವರ ಜೊತೆಗಾರರಾದ ಇಟಲಿಯ ಡಿ ಗ್ಯಾಸ್ಪರಿ ಒಂದು ಕಾಲಕ್ಕೆ ವಿಯೆನ್ನಾದ ಆಸ್ಟ್ರಿಯನ್ ಪಾರ್ಲಿಮೆಂಟಿನಲ್ಲಿ ಸದಸ್ಯರಾಗಿದ್ದರು. ಜರ್ಮನಿಯ ಅಡೆನೌವರ್ ರೈನ್ ನದಿಯ ದಂಡೆಯವರು. ಗಡಿನಾಡಿನಲ್ಲಿ ಬೆಳೆದ ಈ ಮೂವರಿಗೆ ಗಡಿಗಳು ಎಷ್ಟು ಸುಲಭವಾಗಿ ಕದಲುತ್ತವೆ, ಕದಲುವಾಗ ಎಷ್ಟು ರಕ್ತ ಹರಿಯುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

1951ರಲ್ಲಿ ಪ್ಯಾರಿಸಿನಲ್ಲಿ ಕಲ್ಲಿದ್ದಲು-ಉಕ್ಕಿನ ಒಡಂಬಡಿಕೆಗೂ 1957ರ ಮಾರ್ಚಿಯಲ್ಲಿ ರೋಮಿನಲ್ಲಿ ಸಾಮಾನ್ಯ ಮಾರುಕಟ್ಟೆಯ ಒಡಂಬಡಿಕೆಗೂ ಸಹಿ ಬಿದ್ದಿತು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್—ಈ ಆರೇ ರಾಷ್ಟ್ರಗಳು. ರೋಮಿನ ಒಡಂಬಡಿಕೆಯಲ್ಲಿ ಒಂದು ಸಣ್ಣ ವಿಧಿ ಇತ್ತು: ಯೂರೋಪಿನ ಯಾವ ರಾಷ್ಟ್ರ ಬೇಕಾದರೂ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಅದನ್ನು ಒಪ್ಪಲು ಇರುವ ಸದಸ್ಯರೆಲ್ಲರ ಸಮ್ಮತಿ ಬೇಕು. ಮೊದಲ ಮಾತು ಉದಾರವಾದದ್ದು. ಎರಡನೆಯ ಮಾತು ಬಿಗಿಯಾದದ್ದು. ಮುಂದಿನ ಎಲ್ಲ ತೊಡಕುಗಳೂ ಈ ಎರಡು ಮಾತುಗಳ ನಡುವೆ ಹುಟ್ಟಿದವೇ.

ಮೊದಲು ಬಂದು ಬಾಗಿಲು ತಟ್ಟಿದ್ದು ಬ್ರಿಟನ್. ಆರಂಭದಲ್ಲಿ ಕರೆದಾಗ ಬ್ರಿಟನ್ ಬರಲಿಲ್ಲ. ತನಗೆ ಕಾಮನ್‌ವೆಲ್ತ್ ಇದೆ, ಅಮೆರಿಕದ ಸ್ನೇಹವಿದೆ, ಯೂರೋಪಿನ ಈ ಪ್ರಯೋಗದ ಹಂಗೇಕೆ ಎಂಬುದು ಅದರ ಭಾವನೆ. 1960ರಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಆಸ್ಟ್ರಿಯ, ಸ್ವಿಟ್ಸರ್‌ಲೆಂಡ್, ಪೋರ್ಚುಗಲ್ ದೇಶಗಳನ್ನು ಕೂಡಿಕೊಂಡು ಅದು ಬೇರೊಂದು ವ್ಯಾಪಾರ ಕೂಟವನ್ನೇ ಕಟ್ಟಿತು. ಆದರೆ ಆರು ರಾಷ್ಟ್ರಗಳ ಕೈಗಾರಿಕೆ ಕಣ್ಣೆದುರಿಗೇ ಏರುತ್ತಿದ್ದುದನ್ನು ಕಂಡು ಪ್ರಧಾನಿ ಮ್ಯಾಕ್ಮಿಲನ್ ಮನಸ್ಸು ಬದಲಾಯಿಸಿ, 1961ರ ಆಗಸ್ಟಿನಲ್ಲಿ ಅರ್ಜಿ ಹಾಕಿದರು. ಐರ್ಲೆಂಡೂ ಡೆನ್ಮಾರ್ಕೂ ಅದೇ ಬೇಸಗೆಯಲ್ಲಿ ಅರ್ಜಿ ಹಾಕಿದವು. ಮರುವರ್ಷ ನಾರ್ವೆ ಹಿಂಬಾಲಿಸಿತು.

ಅರ್ಜಿ ಹಾಕಿದ ಹೊತ್ತು ಮಾತ್ರ ಸರಿಯಾದುದಾಗಿರಲಿಲ್ಲ. ಒಳಗಿನ ಆರು ಮಂದಿ ಆಗ ತಮ್ಮ ವ್ಯವಸಾಯ ನೀತಿಯನ್ನು ರೂಪಿಸುತ್ತಿದ್ದರು. ರೈತನಿಗೆ ಹೆಚ್ಚಿನ ಬೆಲೆಯ ಖಾತರಿ ಕೊಡುವುದು, ಹೊರಗಿನ ಅಗ್ಗದ ಧಾನ್ಯಕ್ಕೆ ಸುಂಕ ಹಾಕಿ ತಡೆಯುವುದು—ಇದು ಅದರ ತಿರುಳು. ಫ್ರಾನ್ಸಿನ ರೈತರಿಗೆ ಇದು ಜೀವಾಳ; ಜರ್ಮನಿಯ ಯಂತ್ರಗಳಿಗೆ ತನ್ನ ಮಾರುಕಟ್ಟೆ ತೆರೆದುದಕ್ಕೆ ಪ್ರತಿಯಾಗಿ ಫ್ರಾನ್ಸ್ ಕೇಳಿದ ಬೆಲೆ. 1961ರ ಕೊನೆಯ ದಿನದೊಳಗೆ ಒಪ್ಪಂದವಾಗಬೇಕೆಂದು ಗೊತ್ತುಮಾಡಿದ್ದರು. ಆಗಲಿಲ್ಲ. ಬ್ರಸೆಲ್ಸಿನ ಸಭಾಭವನದಲ್ಲಿ ಗಡಿಯಾರವನ್ನು ನಿಲ್ಲಿಸಿ, ವರ್ಷ ಇನ್ನೂ ಮುಗಿದಿಲ್ಲವೆಂದು ಭಾವಿಸಿಕೊಂಡು ಮಂತ್ರಿಗಳು ಹಗಲಿರುಳು ಚರ್ಚಿಸಿ, 1962ರ ಜನವರಿ 14ರಂದು ಒಪ್ಪಿಗೆಗೆ ಬಂದರು. ಬ್ರಿಟನ್ನಿನ ಪದ್ಧತಿಯೋ ಇದಕ್ಕೆ ತೀರ ವಿರುದ್ಧ. ನ್ಯೂಜಿಲೆಂಡಿನ ಬೆಣ್ಣೆ ಮತ್ತು ಕುರಿಮಾಂಸ, ಕೆನಡದ ಗೋಧಿ, ಭಾರತದ ಚಹಾ ಮತ್ತು ಬಟ್ಟೆ—ಇವೆಲ್ಲ ಕಡಿಮೆ ಸುಂಕದಲ್ಲಿ ಇಲ್ಲವೆ ಸುಂಕವೇ ಇಲ್ಲದೆ ಅಲ್ಲಿಗೆ ಹೋಗುತ್ತಿದ್ದವು. ಬ್ರಿಟನ್ ಒಳಗೆ ಹೋದರೆ ಈ ರಿಯಾಯಿತಿಯ ಗತಿಯೇನು ಎಂಬ ಚಿಂತೆ ದೆಹಲಿಯಲ್ಲಿಯೂ ಇತ್ತು. ಯೂರೋಪಿನ ಬಾಗಿಲಿನ ಜಗಳ ಅಸ್ಸಾಮಿನ ಚಹಾ ತೋಟವನ್ನೂ ಮುಟ್ಟುವಂತಾಯಿತು. ಭಾರತ 1962ರಲ್ಲಿಯೇ ಈ ಕೂಟದೊಡನೆ ರಾಯಭಾರ ಸಂಬಂಧ ಬೆಳೆಸಿದುದರ ಹಿಂದೆ ಈ ಎಚ್ಚರವೂ ಇತ್ತು.

ಎಡ್ವರ್ಡ್ ಹೀತ್ ಅವರ ಮುಂದಾಳುತನದಲ್ಲಿ ಬ್ರಿಟನ್ನಿನ ನಿಯೋಗ ಬೆಣ್ಣೆ, ಗೋಧಿ, ಚಹಾಗಳ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆಸಿತು. ಅಷ್ಟರಲ್ಲಿ 1963ರ ಜನವರಿ 14ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಪತ್ರಿಕಾಗೋಷ್ಠಿಯಲ್ಲಿ ತಮ್ಮ ಅಭಿಪ್ರಾಯ ಹೇಳಿಬಿಟ್ಟರು. ಬ್ರಿಟನ್ ದ್ವೀಪರಾಷ್ಟ್ರ, ಕಡಲ ರಾಷ್ಟ್ರ. ಅದರ ಸಂಬಂಧಗಳೆಲ್ಲ ದೂರದೂರದ ದೇಶಗಳೊಡನೆ. ಅದು ಒಳಗೆ ಬಂದರೆ ಕೂಟದ ಸ್ವರೂಪವೇ ಬದಲಾಗಿ, ಕೊನೆಗೆ ಅಮೆರಿಕದ ನೆರಳಿನಲ್ಲಿ ಎಲ್ಲವೂ ಕರಗಿಹೋಗುತ್ತದೆ—ಇದು ಅವರ ವಾದದ ಸಾರ. ಯುದ್ಧಕಾಲದಲ್ಲಿ ಲಂಡನ್ನಿನ ಆಶ್ರಯದಲ್ಲಿದ್ದು ಹೋರಾಡಿದ ಡಿ ಗಾಲರಿಂದಲೇ ಈ ಮಾತು ಬಂದದ್ದು ಬ್ರಿಟಿಷರಿಗೆ ಬಹಳ ನೋವು ತಂದಿತು. 1967ರಲ್ಲಿ ಪ್ರಧಾನಿ ವಿಲ್ಸನ್ ಮತ್ತೆ ಅರ್ಜಿ ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಡಿ ಗಾಲ್ ಮತ್ತೆ ಬೇಡವೆಂದರು. ಉಳಿದ ಐದು ರಾಷ್ಟ್ರಗಳಿಗೆ ಬ್ರಿಟನ್ ಬರಲೆಂಬ ಮನಸ್ಸಿತ್ತು. ಆದರೆ ಎಲ್ಲರ ಸಮ್ಮತಿ ಬೇಕಾದಲ್ಲಿ ಒಬ್ಬನ ಅಸಮ್ಮತಿಯೇ ತೀರ್ಪು.

1969ರಲ್ಲಿ ಡಿ ಗಾಲ್ ಅಧಿಕಾರ ಬಿಟ್ಟರು. ಪಾಂಪಿಡೂ ಬಂದ ಮೇಲೆ ಬಾಗಿಲು ಸಡಿಲವಾಯಿತು. ಆಗಲೂ ಒಳಗಿನವರು ಒಂದು ಚಾತುರ್ಯ ತೋರಿದರು. ಹೊಸ ಅರ್ಜಿದಾರರು ನಾಲ್ವರೂ ಮೀನುಗಾರಿಕೆಯ ದೇಶಗಳು. 1970ರ ಜೂನ್ 30ರಂದು ಅವರೊಡನೆ ಮಾತುಕತೆ ತೊಡಗಿತು. ಅದೇ ದಿನವೇ ಆರು ಮಂದಿ ತಮ್ಮತಮ್ಮಲ್ಲಿ ಮೀನುಗಾರಿಕೆಯ ನೀತಿಯೊಂದನ್ನು ಗೊತ್ತುಮಾಡಿಕೊಂಡರು: ಸದಸ್ಯರ ಕಡಲು ಸದಸ್ಯರೆಲ್ಲರಿಗೂ ತೆರೆದದ್ದು. ಬರುವವರು ಬರುವಷ್ಟರಲ್ಲಿ ಕಟ್ಟಳೆ ಸಿದ್ಧವಾಗಿತ್ತು. ಒಪ್ಪುವುದಷ್ಟೇ ಅವರ ಪಾಲಿಗೆ ಉಳಿದದ್ದು. ನಾರ್ವೆಯ ಬೆಸ್ತರು ಇದನ್ನು ಮರೆಯಲಿಲ್ಲ. 1972ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಅಲ್ಲಿಯ ನೂರಕ್ಕೆ 53ಕ್ಕೂ ಹೆಚ್ಚು ಮಂದಿ ಬೇಡವೆಂದರು. 1994ರಲ್ಲಿ ಎರಡನೆಯ ಸಲ ಕೇಳಿದಾಗಲೂ ಅದೇ ಉತ್ತರ. ಬಾಗಿಲು ತೆರೆದರೂ ಒಳಗೆ ಬರಲೊಲ್ಲದವರೂ ಉಂಟೆಂದು ನಾರ್ವೆ ತೋರಿಸಿಕೊಟ್ಟಿತು.

1973ರ ಜನವರಿ 1ರಂದು ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿ ಆರು ಒಂಬತ್ತಾಯಿತು. ಅರ್ಜಿ ಹಾಕಿ ಹನ್ನೊಂದು ವರ್ಷ ಕಾದು ಒಳಗೆ ಬಂದ ಬ್ರಿಟನ್ನಿಗೆ ಒಳಗಿನ ವ್ಯವಸ್ಥೆ ತನ್ನ ಮೈಯಳತೆಗೆ ಹೊಲಿದ ಅಂಗಿಯಾಗಿರಲಿಲ್ಲ. ಆಯವ್ಯಯದ ಬಹುಪಾಲು ವ್ಯವಸಾಯಕ್ಕೆ ಹೋಗುತ್ತಿತ್ತು; ಬ್ರಿಟನ್ನಿನಲ್ಲಿ ರೈತರ ಸಂಖ್ಯೆ ಕಡಿಮೆ. ಕೊಡುವುದು ಹೆಚ್ಚು, ಬರುವುದು ಕಡಿಮೆ ಎಂಬ ಲೆಕ್ಕವನ್ನು ಮುಂದಿಟ್ಟು ಶ್ರೀಮತಿ ಥ್ಯಾಚರ್ ವರ್ಷಗಟ್ಟಲೆ ಹಟ ಹಿಡಿದರು. 1984ರಲ್ಲಿ ಫಾಂಟೆನ್‌ಬ್ಲೋ ಸಮಾವೇಶದಲ್ಲಿ ಹಣದಲ್ಲಿ ಒಂದಂಶ ಹಿಂದಕ್ಕೆ ಬರುವಂತೆ ಮಾಡಿದರು. ಹುಟ್ಟುವಾಗ ಇಲ್ಲದವನು ಮನೆಯ ಕಟ್ಟಳೆಯನ್ನು ಮನಃಪೂರ್ವಕ ಒಪ್ಪುವುದು ಕಷ್ಟವೆಂಬುದಕ್ಕೆ ಇದು ಮೊದಲ ನಿದರ್ಶನ.

ಎರಡನೆಯ ಅಲೆ ದಕ್ಷಿಣದಿಂದ ಬಂದಿತು. ಇಲ್ಲಿ ಪ್ರಶ್ನೆಯ ಬಗೆಯೇ ಬೇರೆ. ಗ್ರೀಸಿನಲ್ಲಿ 1967ರಿಂದ 1974ರವರೆಗೆ ಸೈನ್ಯಾಧಿಕಾರಿಗಳ ಆಳ್ವಿಕೆ. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲಿನವರೆಗೂ, ಸ್ಪೇನಿನಲ್ಲಿ 1975ರಲ್ಲಿ ಫ್ರಾಂಕೋ ಸಾಯುವವರೆಗೂ ಸರ್ವಾಧಿಕಾರ. ಈ ಮೂರೂ ದೇಶಗಳು ಪ್ರಜಾಪ್ರಭುತ್ವಕ್ಕೆ ಮರಳಿದೊಡನೆಯೇ ಒಳಗೆ ಬರಲು ಕೇಳಿದವು. ಗ್ರೀಸಿನ ಅರ್ಜಿಯನ್ನು ಪರಿಶೀಲಿಸಿದ ಬ್ರಸೆಲ್ಸಿನ ಆಯೋಗ 1976ರಲ್ಲಿ, ದೇಶದ ಆರ್ಥಿಕ ಸ್ಥಿತಿ ಇನ್ನೂ ಹದಕ್ಕೆ ಬಂದಿಲ್ಲ, ಕೆಲವು ಕಾಲ ಸಿದ್ಧತೆ ನಡೆಯಲಿ ಎಂದು ವರದಿ ಕೊಟ್ಟಿತು. ಗ್ರೀಸಿನ ಪ್ರಧಾನಿ ಕರಮಾನ್ಲಿಸ್ ಒಪ್ಪಲಿಲ್ಲ. ಇದು ಲೆಕ್ಕಪತ್ರದ ಮಾತಲ್ಲ, ಇದೀಗ ಮರಳಿ ಬಂದ ಪ್ರಜಾಪ್ರಭುತ್ವಕ್ಕೆ ಊರುಗೋಲು ಕೊಡುವ ಮಾತು ಎಂಬುದು ಅವರ ನಿಲುವು. ಸದಸ್ಯ ಸರ್ಕಾರಗಳು ಆಯೋಗದ ಸಲಹೆಯನ್ನು ಬದಿಗಿಟ್ಟು ಮಾತುಕತೆ ಆರಂಭಿಸಿದವು. 1981ರಲ್ಲಿ ಗ್ರೀಸ್ ಹತ್ತನೆಯ ಸದಸ್ಯವಾಯಿತು.

ಸ್ಪೇನಿನ ಹಾದಿ ಇಷ್ಟು ಹಗುರವಾಗಲಿಲ್ಲ. ಅದು ದೊಡ್ಡ ದೇಶ. ಅಲ್ಲಿಯ ದ್ರಾಕ್ಷಾರಸ, ಹಣ್ಣು, ತರಕಾರಿ, ಎಣ್ಣೆ ದಕ್ಷಿಣ ಫ್ರಾನ್ಸಿನ ರೈತನ ಬೆಳೆಗೆ ನೇರ ಪೈಪೋಟಿ. ಅದರ ಮೀನು ಹಡಗುಗಳ ದಂಡೂ ಬಹಳ ದೊಡ್ಡದು. ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ 1980ರಲ್ಲಿ ಮಾತುಕತೆಗೆ ವಿರಾಮ ಬೇಕೆಂದರು. ಮರುವರ್ಷ ಫೆಬ್ರವರಿಯಲ್ಲಿ ಸ್ಪೇನಿನ ಸಶಸ್ತ್ರ ದಳವೊಂದು ಮ್ಯಾಡ್ರಿಡ್ಡಿನ ಪಾರ್ಲಿಮೆಂಟಿಗೇ ನುಗ್ಗಿ ಸದಸ್ಯರನ್ನು ಬಂದೂಕಿನ ಮೊನೆಯಲ್ಲಿ ಹಿಡಿದಿಟ್ಟಿತು. ಆ ದಂಗೆ ವಿಫಲವಾಯಿತು. ಆದರೆ ಹೊಸ ಪ್ರಜಾಪ್ರಭುತ್ವವನ್ನು ಬಾಗಿಲಲ್ಲಿ ಕಾಯಿಸುವುದರ ಅಪಾಯ ಎಲ್ಲರಿಗೂ ಅರಿವಾಯಿತು. ಕೊನೆಯ ಗಳಿಗೆಯಲ್ಲಿ ಮತ್ತೊಂದು ತಡೆ ಬಂದದ್ದು, ನಾಲ್ಕು ವರ್ಷಗಳ ಹಿಂದೆಯಷ್ಟೇ ಒಳಗೆ ಬಂದಿದ್ದ ಗ್ರೀಸಿನಿಂದ! ತನ್ನ ಬಡ ರೈತರಿಗೆ ಪರಿಹಾರ ಸಿಗದಿದ್ದರೆ ಒಪ್ಪಿಗೆ ಇಲ್ಲವೆಂದು ಪಾಪಂಡ್ರೂ ಪಟ್ಟು ಹಿಡಿದರು. 1985ರಲ್ಲಿ ಮೆಡಿಟರೇನಿಯನ್ ಪ್ರಾಂತಗಳಿಗೆಂದು ವಿಶೇಷ ಧನಸಹಾಯ ಗೊತ್ತಾಯಿತು. 1986ರ ಜನವರಿ 1ರಂದು ಸ್ಪೇನ್ ಮತ್ತು ಪೋರ್ಚುಗಲ್ ಸೇರಿದವು. ನಿನ್ನೆ ಹೊರಗೆ ನಿಂತವನು ಇಂದು ಒಳಗಿನಿಂದ ಚಿಲಕ ಹಿಡಿಯುವುದು ಆಗಿನಿಂದ ಮತ್ತೆ ಮತ್ತೆ ಕಾಣುವ ದೃಶ್ಯವಾಯಿತು.

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಮರುವರ್ಷ ಪೂರ್ವ ಜರ್ಮನಿ ಪಶ್ಚಿಮದೊಡನೆ ಒಂದಾಗಿ, ಅರ್ಜಿ ಹಾಕದೆಯೇ ಒಳಗೆ ಬಂದುಬಿಟ್ಟಿತು. 1995ರಲ್ಲಿ ಆಸ್ಟ್ರಿಯ, ಸ್ವೀಡನ್, ಫಿನ್‌ಲೆಂಡ್ ಸೇರಿದುದು ಶ್ರೀಮಂತರು ಶ್ರೀಮಂತರನ್ನು ಕೂಡಿಕೊಂಡಂತೆ; ತೊಂದರೆ ಹೆಚ್ಚಿರಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು ಪೋಲೆಂಡ್, ಹಂಗರಿ, ಚೆಕ್ ಮೊದಲಾದ ಪೂರ್ವದ ರಾಷ್ಟ್ರಗಳು ಬಂದು ನಿಂತಾಗ. 1956ರ ಬುಡಾಪೆಸ್ಟನ್ನೂ 1968ರ ಪ್ರಾಗನ್ನೂ ಕಂಡು ಕೈಕಟ್ಟಿ ಕುಳಿತಿದ್ದ ಪಶ್ಚಿಮ ಯೂರೋಪಿಗೆ ಈಗ ಬೇಡವೆನ್ನುವ ಬಾಯಿ ಇರಲಿಲ್ಲ. ಬನ್ನಿ ಎಂದೊಡನೆ ಬರಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. 1993ರ ಜೂನಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ನಾಯಕರು ನಿಬಂಧನೆಗಳನ್ನು ವಿಧಿಸಿದರು: ಪ್ರಜಾಪ್ರಭುತ್ವ, ನ್ಯಾಯದ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ ನೆಲೆಗೊಂಡಿರಬೇಕು, ಮಾರುಕಟ್ಟೆಯ ಪೈಪೋಟಿಯನ್ನು ತಾಳುವ ಶಕ್ತಿ ಇರಬೇಕು, ಒಕ್ಕೂಟದ ಕಾನೂನನ್ನೆಲ್ಲ ಜಾರಿಗೆ ತರಬೇಕು. ಇವುಗಳ ಜೊತೆಗೆ, ಹೊಸಬರನ್ನು ಅರಗಿಸಿಕೊಳ್ಳುವ ಶಕ್ತಿ ಒಕ್ಕೂಟಕ್ಕೂ ಇರಬೇಕೆಂಬ ಮಾತೂ ಸೇರಿತು. ಮೊದಲಿನವು ಬರುವವರ ಪರೀಕ್ಷೆ. ಕೊನೆಯದು ಕರೆಯುವವರ ಪರೀಕ್ಷೆ.

ಒಕ್ಕೂಟದ ಕಾನೂನೆಂದರೆ ಸುಮಾರು 80,000 ಪುಟಗಳು! ಅವನ್ನು 31 ಅಧ್ಯಾಯಗಳಾಗಿ ವಿಂಗಡಿಸಿ ಒಂದೊಂದರ ಮೇಲೂ ಮಾತುಕತೆ ನಡೆಯಿತು. ಮಾತುಕತೆ ಎಂದು ಹೆಸರಷ್ಟೆ. ಕಾನೂನನ್ನು ಬದಲಾಯಿಸುವಂತಿಲ್ಲ, ಎಷ್ಟು ದಿನದೊಳಗೆ ಜಾರಿಗೆ ತರುತ್ತೀರಿ ಎಂಬುದೇ ಚರ್ಚೆ. ಪೋಲೆಂಡಿನಲ್ಲಿ ದುಡಿಯುವವರಲ್ಲಿ ಸುಮಾರು ಐದರಲ್ಲೊಂದು ಪಾಲು ವ್ಯವಸಾಯದವರು. ಹಿಡುವಳಿಗಳೋ ತೀರ ಚಿಕ್ಕವು. ಇವರಿಗೆಲ್ಲ ಫ್ರಾನ್ಸಿನ ರೈತನಿಗೆ ಕೊಟ್ಟಷ್ಟೇ ಸಹಾಯಧನ ಕೊಟ್ಟರೆ ಬೊಕ್ಕಸ ಏನಾದೀತು? ಕೊನೆಗೆ ಮೊದಲ ವರ್ಷ ನೂರಕ್ಕೆ 25ರಷ್ಟು, ಆಮೇಲೆ ಹಂತಹಂತವಾಗಿ ಏರಿಸಿ ಸುಮಾರು ಹತ್ತು ವರ್ಷದಲ್ಲಿ ಪೂರ್ತಿ ಎಂದು ತೀರ್ಮಾನವಾಯಿತು. ಕೂಲಿ ಅರಸಿ ಪಶ್ಚಿಮಕ್ಕೆ ಬರುವ ಹಕ್ಕನ್ನು ಏಳು ವರ್ಷದವರೆಗೆ ತಡೆಹಿಡಿಯುವ ಅಧಿಕಾರವನ್ನು ಹಳೆಯ ಸದಸ್ಯರು ಉಳಿಸಿಕೊಂಡರು. ಪ್ರತಿಯಾಗಿ ಪೋಲೆಂಡ್, ಹೊರಗಿನವರು ತನ್ನ ಹೊಲಗದ್ದೆಗಳನ್ನು ಕೊಳ್ಳದಂತೆ ಹನ್ನೆರಡು ವರ್ಷದ ತಡೆ ಪಡೆಯಿತು. 2003ರ ಏಪ್ರಿಲಿನಲ್ಲಿ ಅಥೆನ್ಸಿನಲ್ಲಿ ಸಹಿಯಾಗಿ, 2004ರ ಮೇ 1ರಂದು ಹತ್ತು ರಾಷ್ಟ್ರಗಳು ಒಮ್ಮೆಗೇ ಸೇರಿದವು. ಹದಿನೈದು ಇಪ್ಪತ್ತೈದಾಯಿತು, ಹನ್ನೊಂದು ಅಧಿಕೃತ ಭಾಷೆಗಳು ಇಪ್ಪತ್ತಾದವು. ಹದಿಮೂರು ವರ್ಷಗಳ ಹಿಂದೆ ಸೋವಿಯತ್ ಒಕ್ಕೂಟದ ಭಾಗಗಳಾಗಿದ್ದ ಎಸ್ತೋನಿಯ, ಲಾಟ್ವಿಯ, ಲಿಥುವೇನಿಯಗಳೂ ಅವುಗಳಲ್ಲಿದ್ದವು. ಯುದ್ಧವಿಲ್ಲದೆ, ಒಂದು ಗುಂಡು ಹಾರದೆ ಒಂದು ಖಂಡದ ಎರಡು ಹೋಳುಗಳು ಹೀಗೆ ಕೂಡಿದುದು ಸಾಮಾನ್ಯ ಸಂಗತಿಯಲ್ಲ.

ಆದರೂ ಅರಗಿಸಿಕೊಳ್ಳುವ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟನ್, ಐರ್ಲೆಂಡ್, ಸ್ವೀಡನ್—ಈ ಮೂರು ಮಾತ್ರ ಮೊದಲ ದಿನದಿಂದಲೇ ಪೂರ್ವದ ಕೆಲಸಗಾರರಿಗೆ ಬಾಗಿಲು ತೆರೆದವು. ಬ್ರಿಟಿಷ್ ಸರ್ಕಾರ ಮುಂಚಿತವಾಗಿ ಮಾಡಿಸಿದ ಅಂದಾಜು ವರ್ಷಕ್ಕೆ 5,000ದಿಂದ 13,000 ಮಂದಿ. ಜರ್ಮನಿಯೂ ಬಾಗಿಲು ತೆರೆಯುತ್ತದೆಂದು ಎಣಿಸಿ ಮಾಡಿದ ಲೆಕ್ಕ ಅದು, ಜರ್ಮನಿ ತೆರೆಯಲಿಲ್ಲ. ಬಂದವರು ಲಕ್ಷಗಟ್ಟಲೆ. ಅವರು ದುಡಿದರು, ತೆರಿಗೆ ಕೊಟ್ಟರು. ಆದರೆ ಎಷ್ಟೋ ಸಣ್ಣ ಊರುಗಳಲ್ಲಿ ಅಸಮಾಧಾನವೂ ಬೆಳೆಯಿತು. 2016ರ ಜೂನಿನ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 52 ಮಂದಿ ಒಕ್ಕೂಟ ಬೇಡವೆಂದುದಕ್ಕೆ ಇದೊಂದೇ ಕಾರಣವಲ್ಲ. ಆದರೆ ಇದನ್ನು ಬಿಟ್ಟು ಆ ತೀರ್ಪನ್ನು ವಿವರಿಸಲಾಗದು. ಫ್ರಾನ್ಸಿನಲ್ಲಿಯೂ 2005ರಲ್ಲಿ ಒಕ್ಕೂಟದ ಹೊಸ ಸಂವಿಧಾನದ ಮೇಲೆ ಮತ ಕೇಳಿದಾಗ, ಪೋಲೆಂಡಿನಿಂದ ಬಂದು ಅಗ್ಗವಾಗಿ ನಲ್ಲಿ ರಿಪೇರಿ ಮಾಡುವವನ ಕಾಲ್ಪನಿಕ ಚಿತ್ರವೇ ಚುನಾವಣೆಯ ಭೂತವಾಗಿತ್ತು, ಸಂವಿಧಾನ ಬಿದ್ದುಹೋಯಿತು.

ಮತ್ತೊಂದು ಪಾಠವೂ ಆಗ ಬಯಲಾಯಿತು. ಹೊರಗಿರುವವನ ಮೇಲೆ ಒಕ್ಕೂಟಕ್ಕೆ ಇರುವ ಹಿಡಿತ, ಅವನು ಒಳಗೆ ಬಂದ ಮೇಲೆ ಉಳಿಯುವುದಿಲ್ಲ. ಸೈಪ್ರಸ್ಸಿನಲ್ಲಿ 2004ರ ಏಪ್ರಿಲಿನಲ್ಲಿ ದ್ವೀಪವನ್ನು ಒಂದುಗೂಡಿಸುವ ವಿಶ್ವಸಂಸ್ಥೆಯ ಯೋಜನೆಯನ್ನು ತುರ್ಕಿ ಭಾಗದವರು ಒಪ್ಪಿದರು. ಗ್ರೀಕ್ ಭಾಗದವರು ತಿರಸ್ಕರಿಸಿದರು. ಆದರೂ ಸದಸ್ಯತ್ವ ಮೊದಲೇ ನಿಶ್ಚಯವಾಗಿದ್ದರಿಂದ ಒಡೆದ ದ್ವೀಪವೇ ಒಳಗೆ ಬಂದಿತು. 2007ರಲ್ಲಿ ಸೇರಿದ ಬಲ್ಗೇರಿಯ ಮತ್ತು ರುಮೇನಿಯಗಳ ನ್ಯಾಯಾಂಗ ಸುಧಾರಣೆಯನ್ನು ಸೇರಿದ ಮೇಲೂ ವರ್ಷ ವರ್ಷ ಪರಿಶೀಲಿಸಬೇಕಾಯಿತು. ಹಂಗರಿ, ಪೋಲೆಂಡ್‌ಗಳು ನ್ಯಾಯಾಲಯಗಳ ಸ್ವಾತಂತ್ರ್ಯವನ್ನು ಮೊಟಕುಮಾಡುತ್ತಿವೆ ಎಂಬ ದೂರು ಬಂದಾಗ ಒಕ್ಕೂಟ ವರ್ಷಗಟ್ಟಲೆ ಹೆಣಗಿತು. ಪರೀಕ್ಷೆ ಕಟ್ಟುವವರೆಗೆ ಓದಿದ ಹುಡುಗ ಆಮೇಲೂ ಓದುತ್ತಾನೆಂಬ ಖಾತರಿ ಏನು?

ಈ ಭಯದ ಫಲವನ್ನು ಉಣ್ಣಬೇಕಾದವರು ಆಮೇಲೆ ಬಂದವರು. ತುರ್ಕಿಯೊಡನೆ 1963ರಲ್ಲಿಯೇ ಅಂಕಾರದಲ್ಲಿ ಒಪ್ಪಂದವಾಗಿತ್ತು; ಆಗ ಕೂಟದ ಆಯೋಗದ ಅಧ್ಯಕ್ಷರಾಗಿದ್ದ ಹಾಲ್‌ಸ್ಟೈನ್ ತುರ್ಕಿ ಯೂರೋಪಿಗೆ ಸೇರಿದ್ದೆಂದು ಘೋಷಿಸಿದ್ದರು. ಸದಸ್ಯತ್ವದ ಮಾತುಕತೆ ತೊಡಗಿದ್ದು 2005ರಲ್ಲಿ, ಅಂದರೆ 42 ವರ್ಷಗಳ ಮೇಲೆ. 2018ರಲ್ಲಿ ಅದು ಸ್ಥಗಿತವಾಗಿದೆಯೆಂದು ಒಕ್ಕೂಟವೇ ಹೇಳಿತು. ಸೈಪ್ರಸ್ಸಿನ ಜಗಳ, ದೇಶದ ಗಾತ್ರ, ಅಲ್ಲಿಯ ಆಡಳಿತದ ರೀತಿ, ಬಾಯಿಬಿಟ್ಟು ಹೇಳದ ಧರ್ಮದ ಅಳುಕು—ಎಲ್ಲವೂ ಅಲ್ಲಿ ಹೆಣೆದುಕೊಂಡಿವೆ.

ಇದಕ್ಕಿಂತ ಮನಕರಗುವ ಕಥೆ ಮ್ಯಾಸಿಡೋನಿಯ ಎಂಬ ಚಿಕ್ಕ ದೇಶದ್ದು. ಯುಗೊಸ್ಲಾವಿಯದಿಂದ 1991ರಲ್ಲಿ ಬೇರೆಯಾದ ಈ ದೇಶದ ಹೆಸರೇ ಗ್ರೀಸಿಗೆ ಸಹಿಸಲಿಲ್ಲ. ಏಕೆಂದರೆ ಗ್ರೀಸಿನ ಉತ್ತರ ಪ್ರಾಂತಕ್ಕೂ ಅದೇ ಹೆಸರು, ಅಲೆಗ್ಸಾಂಡರನ ನಾಡೆಂಬ ಹೆಮ್ಮೆ ಬೇರೆ. 2005ರಲ್ಲಿ ಅಭ್ಯರ್ಥಿ ಎಂದು ಮನ್ನಣೆ ಪಡೆದರೂ ದೇಶ ಒಂದು ಹೆಜ್ಜೆ ಮುಂದಿಡಲಾಗಲಿಲ್ಲ. 2018ರ ಜೂನಿನಲ್ಲಿ ಪ್ರೆಸ್ಪಾ ಸರೋವರದ ದಂಡೆಯಲ್ಲಿ ಪ್ರಧಾನಿ ಜಾಯೆವ್ ಗ್ರೀಸಿನೊಡನೆ ರಾಜಿ ಮಾಡಿಕೊಂಡು ದೇಶದ ಹೆಸರನ್ನೇ ಉತ್ತರ ಮ್ಯಾಸಿಡೋನಿಯ ಎಂದು ಬದಲಾಯಿಸಲು ಒಪ್ಪಿದರು. ಹೆಸರನ್ನೇ ಬಿಟ್ಟುಕೊಟ್ಟವರಿಗೆ 2019ರ ಅಕ್ಟೋಬರಿನಲ್ಲಿ ಸಿಕ್ಕಿದ್ದು ಫ್ರಾನ್ಸಿನ ನಿರಾಕರಣೆ: ಮೊದಲು ಸೇರಿಸಿಕೊಳ್ಳುವ ಕ್ರಮವನ್ನೇ ಸುಧಾರಿಸಬೇಕೆಂಬ ವಾದ. ಅದು ಸರಿಹೋಗುವಷ್ಟರಲ್ಲಿ, 2020ರಲ್ಲಿ, ಭಾಷೆ ಮತ್ತು ಚರಿತ್ರೆಯ ತಕರಾರು ತೆಗೆದು ಬಲ್ಗೇರಿಯ ಅಡ್ಡನಿಂತಿತು. 2022ರಲ್ಲಿ ಮಾತುಕತೆ ತೊಡಗಿತೆಂದು ಹೇಳಿದರೂ, ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸಬೇಕೆಂಬ ಷರತ್ತು ಕೂಡಿಕೊಂಡಿತು. ನಿಯಮಗಳನ್ನು ಪಾಲಿಸಿದರೆ ಬಾಗಿಲು ತೆರೆಯುತ್ತದೆಂಬ ನಂಬಿಕೆಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ.

2022ರ ಫೆಬ್ರವರಿ 24ರಂದು ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಬಂದಿತು. ನಾಲ್ಕು ದಿನಗಳಲ್ಲೇ ಉಕ್ರೇನ್ ಅರ್ಜಿ ಹಾಕಿತು. ನಾಲ್ಕು ತಿಂಗಳೊಳಗೆ ಅಭ್ಯರ್ಥಿ ಎನಿಸಿತು. 2024ರ ಜೂನಿನಲ್ಲಿ ಮಾತುಕತೆಯ ವಿಧ್ಯುಕ್ತ ಆರಂಭವೂ ಆಯಿತು. ಆದರೆ ಹಳೆಯ ಪ್ರಶ್ನೆಗಳೆಲ್ಲ ಹೊಸ ವೇಷದಲ್ಲಿ ಬಂದಿವೆ. ಉಕ್ರೇನಿನ ಉಳುಮೆಯ ಭೂಮಿ ಒಕ್ಕೂಟದ ಯಾವ ಸದಸ್ಯ ರಾಷ್ಟ್ರದ್ದಕ್ಕಿಂತಲೂ ಹೆಚ್ಚು; ಒಕ್ಕೂಟದ ಆಯವ್ಯಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಇನ್ನೂ ವ್ಯವಸಾಯಕ್ಕೇ ಹೋಗುತ್ತಿದೆ. 2023ರಲ್ಲಿ ಉಕ್ರೇನಿನ ಅಗ್ಗದ ಧಾನ್ಯ ಒಳಗೆ ಹರಿದಾಗ ಅದನ್ನು ತಡೆದವರಲ್ಲಿ ಮುಂದಾಗಿ ನಿಂತದ್ದು ಪೋಲೆಂಡ್. ಇಪ್ಪತ್ತು ವರ್ಷಗಳ ಹಿಂದೆ ತನ್ನ ರೈತರಿಗಾಗಿ ಬಾಗಿಲಲ್ಲಿ ನಿಂತು ವಾದಿಸಿದ ಅದೇ ಪೋಲೆಂಡ್. 1962ರ ಬೆಣ್ಣೆಯ ಜಗಳ ಗೋಧಿಯ ಜಗಳವಾಗಿದೆ, ಅಷ್ಟೆ.

ಈ ಏಳು ದಶಕಗಳ ಕಥೆಯನ್ನು ಒಟ್ಟಾಗಿ ನೋಡಿದಾಗ ಒಂದು ಮಾತು ತೋರುತ್ತದೆ. ಲೆಕ್ಕ ಹಾಕುತ್ತ ಕುಳಿತಿದ್ದರೆ ಗ್ರೀಸ್ ಆಗಲಿ ಪೋಲೆಂಡ್ ಆಗಲಿ ಒಳಗೆ ಬರುತ್ತಲೇ ಇರಲಿಲ್ಲ. ಚರಿತ್ರೆಯ ಒಂದು ಗಳಿಗೆ ಬಾಗಿಲನ್ನು ನೂಕಿತು. ಲೆಕ್ಕ ಆಮೇಲೆ ಸರಿಹೋಯಿತು. ಹಾಗೆಂದು ಲೆಕ್ಕವನ್ನು ಪೂರ್ತಿ ಮರೆತಾಗಲೂ ಬೆಲೆ ತೆರಬೇಕಾಯಿತು. ಬ್ರಿಟನ್ನಿನ ನಿರ್ಗಮನವೇ ಅದಕ್ಕೆ ಗುರುತು. ಹೊಸಬರಿಗೂ ಹಳಬರಿಗೂ ಸಹ್ಯವಾಗುವ ಹದವನ್ನು ಕಂಡುಕೊಳ್ಳುವುದು, ಒಬ್ಬನ ಬೇಡಿಕೆಗೆ ಎಲ್ಲರೂ ಒತ್ತೆಯಾಳಾಗದಂತೆ ಕಟ್ಟಳೆಯನ್ನು ತಿದ್ದುವುದು—ಈ ಎರಡು ಕೆಲಸ ಉಳಿದಿವೆ. ಎರಡನೆಯದಕ್ಕೂ ಎಲ್ಲರ ಸಮ್ಮತಿ ಬೇಕೆಂಬುದೇ ತೊಡಕು.

ಈ ನಡುವೆ ಕಾಲ ನಿಲ್ಲುವುದಿಲ್ಲ. ಬಾಲ್ಕನ್ ರಾಷ್ಟ್ರಗಳಿಗೆ ಒಕ್ಕೂಟದಲ್ಲಿ ಸ್ಥಾನವುಂಟೆಂದು ಥೆಸಲೋನಿಕಿಯಲ್ಲಿ ಮಾತು ಕೊಟ್ಟದ್ದು 2003ರಲ್ಲಿ. ಅಂದು ಹುಟ್ಟಿದ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. 2013ರಲ್ಲಿ ಸೇರಿದ ಕ್ರೊಯೇಷ್ಯವನ್ನು ಬಿಟ್ಟರೆ 2025ರ ವೇಳೆಗೂ ಅವರ ದೇಶಗಳು ಬಾಗಿಲಲ್ಲೇ ಇದ್ದವು. ಆ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ದೇಶದ ಸರದಿಗೆ ಕಾಯದೆ, ಕೆಲಸ ಹುಡುಕಿಕೊಂಡು ಜರ್ಮನಿಗೋ ಆಸ್ಟ್ರಿಯಕ್ಕೋ ಹೊರಟುಹೋಗಿದ್ದಾರೆ. ಬಾಗಿಲು ತೆರೆಯುವ ಹೊತ್ತಿಗೆ ಊರಿನಲ್ಲಿ ಯಾರು ಉಳಿದಿರುತ್ತಾರೆ ಎಂಬುದನ್ನು ಬ್ರಸೆಲ್ಸಿನ ಮುತ್ಸದ್ದಿಗಳು ತಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಾಗಿದೆ.